ಎಲಿಸಬೇತಮ್ಮನ ಮುಖ

ಬೆವಾನ್ಯ, ಎಲಿಸಬೇತಮ್ಮನ ಕನ್ಯಾಮಠ
ಸಂತ ಮಾರ್ತಿನರ ಹಬ್ಬದ ಮರುದಿನ, ೧೪೮೭

ತಮ್ಮ ಬಾಲ್ದೊ,

ಈ ಪತ್ರಕ್ಕಾದರೂ ನೀನು ಉತ್ತರ ಬರೆಯಲೇಬೇಕು. ಪ್ರತಿ ಈಸ್ಟರಿಗೆ ನಾನು ಬರೆಯುತ್ತಿದ್ದ ಪತ್ರಗಳು ಅಕ್ಕ ತಮ್ಮನಿಗೆ ಬರೆದವು. ಓದಿ ಮಡಿಸಿಟ್ಟರೂ ನಡೆಯುತ್ತಿತ್ತು. ಇದು ಮಠದ ಪತ್ರ. ನಮ್ಮ ಹಿರಿಯರಾದ ಮಾತೆ ಎರ್ಮೆಲಿನಾ ನನ್ನ ಬೆನ್ನ ಹಿಂದೆಯೇ ನಿಂತು ಬರೆಸುತ್ತಿದ್ದಾರೆ.

ವಿಷಯ ಇಷ್ಟು. ನಮ್ಮ ಊಟದ ಮನೆಯ ದೊಡ್ಡ ಗೋಡೆಯ ಮೇಲೆ ಹಿಂದೆ ಯಾವುದೋ ಚಿತ್ರವಿತ್ತು. ತೇವ ಹತ್ತಿ ಉದುರಿ ಉದುರಿ ಕೊನೆಗೆ ಯಾರೋ ಸಂತರ ಪಾದಗಳು ಮಾತ್ರ ಉಳಿದವು. ಅವು ಯಾರ ಪಾದ ಎಂಬುದರ ಮೇಲೆ ನಮ್ಮಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು ಇನ್ನೊಂದು ಪಕ್ಷದವರಿಗೆ ಉಪ್ಪಿನ ಬಟ್ಟಲು ದಾಟಿಸುವುದನ್ನೇ ನಿಲ್ಲಿಸಿದಾಗ ಮಾತೆಯವರು ಗಾರೆಯವನನ್ನು ಕರೆಸಿ ಪಾದಗಳನ್ನೂ ಕೆರೆಸಿ ಹಾಕಿದರು. ಈಗ ಆ ಗೋಡೆಗೆ ಮರಿಯಮ್ಮನ ಭೇಟಿಯ ಚಿತ್ರ ಬೇಕಾಗಿದೆ. ಬಸುರಿ ಮರಿಯಮ್ಮ ಬೆಟ್ಟ ಹತ್ತಿ ಬಂದು, ಮುಪ್ಪಿನಲ್ಲಿ ಬಸುರಾದ ತನ್ನ ಬಳಗದ ಎಲಿಸಬೇತಮ್ಮನನ್ನು ಬಾಗಿಲಲ್ಲೇ ತಬ್ಬಿಕೊಳ್ಳುವ ಗಳಿಗೆ. ಜುಲೈ ಮೊದಲಲ್ಲಿ ಬರುವ ಭೇಟಿಯ ಹಬ್ಬಕ್ಕೆ ಬಿಷಪ್ಪರೇ ಬಂದು ಹರಸಲಿದ್ದಾರೆ.

"ಪೆರುಜಾದಲ್ಲಿ ಚಿತ್ರ ಬರಿಯೋರು ಯಾರಾದ್ರೂ ಗೊತ್ತೇನ್ರೇ?" ಎಂದು ಮಾತೆಯವರು ಕೇಳಿದರು.

"ನನ್ನ ತಮ್ಮ ಇದಾನೆ," ಎಂದೆ.

"ಕೈ ಹೇಗೆ?"

"ಚಿಕ್ಕೋನಿದ್ದಾಗ ಇದ್ದಿಲಲ್ಲಿ ಕೋಳಿ ಬರೆದಿದ್ದ. ನೆರೆಮನೆ ಬೆಕ್ಕು ಅದರ ಮೇಲೆ ನೆಗೀತು."

ನಿಜ ಹೇಳಬೇಕೆಂದರೆ ಬೆಕ್ಕು ಅದರ ಮೇಲೆ ಮಲಗಿತ್ತು. ನೆಗೆಯಿತು ಎಂದದ್ದಕ್ಕೆ ಶನಿವಾರ ಪಾಪನಿವೇದನೆ ಮಾಡಿಕೊಂಡೆ. ಬರುತ್ತೀಯೋ ಇಲ್ಲವೋ, ಬರೆ.

ನಿನ್ನ ದಾರಿ ಕಾಯುವ ಅಕ್ಕ,
ಮಠದವರಿಗೆ ಸೋದರಿ ಕ್ಲೆಮೆಂಜಾ


ಪೆರುಜಾ, ಕ್ರಿಸ್ಮಸ್ಸಿಗೆ ಮುಂಚಿನ ವಾರ

ಅಕ್ಕ,

ಒಪ್ಪಿದ್ದೇನೆ. ನನ್ನ ಗುರುಗಳೂ ಒಪ್ಪಿದ್ದಾರೆ. ಈವರೆಗೆ ಅವರ ಚಿತ್ರಗಳಲ್ಲಿ ಹಿಂದಿನ ಬೆಟ್ಟ, ಮೇಲಿನ ಮೋಡ, ಮೂಲೆಯ ಕತ್ತೆ ಇವಿಷ್ಟೇ ನನ್ನ ಪಾಲಿಗೆ ಬರುತ್ತಿದ್ದವು. ಇದು ನನ್ನ ಹೆಸರಿನಲ್ಲಿ ಸಿಗುತ್ತಿರುವ ಮೊದಲ ಗೋಡೆ. ಇದು ಕೆಟ್ಟರೆ ಸಾಯುವವರೆಗೆ ಕತ್ತೆ ಬರೆದುಕೊಂಡಿರು ಎಂದು ಗುರುಗಳು ಹೇಳಿದ್ದಾರೆ, ಮುಖದಲ್ಲಿ ನಗುವಿರಲಿಲ್ಲ.

ಕೆಲಸದ ಕ್ರಮ ಮಾತೆಯವರಿಗೆ ತಿಳಿಸು. ಮೊದಲು ಕಾಗದಗಳನ್ನು ಅಂಟಿಸಿ, ಗೋಡೆಯಷ್ಟೇ ದೊಡ್ಡದಾದ ಕರಡು ಚಿತ್ರವನ್ನು ಇದ್ದಿಲಲ್ಲಿ ಬರೆಯುತ್ತೇನೆ. ಅದನ್ನು ಬಿಷಪ್ಪರ ಕಡೆಯ ಪಾದ್ರಿ ದೊನ್ ಮಾರಿಯಾನೊ ನೋಡಿ ಒಪ್ಪಿ ಮೊಹರು ಹಾಕಬೇಕು. ಆಮೇಲೆ ಗೆರೆಗಳುದ್ದಕ್ಕೂ ಸೂಜಿಯಲ್ಲಿ ತೂತು ಚುಚ್ಚಬೇಕು. ಹಸಿ ಗಾರೆಯ ಮೇಲೆ ಆ ಕಾಗದವಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ತೂತುಗಳ ಮೂಲಕ ಗೋಡೆಗೆ ಚುಕ್ಕಿಗಳು ಇಳಿಯುತ್ತವೆ. ಆ ಚುಕ್ಕಿ ಹಿಡಿದು ಬಣ್ಣ ಹಾಕುವುದು. ಬೇಸಿಗೆಗೆ ಬಂದು ಗೋಡೆ ಮುಗಿಸುತ್ತೇನೆ.

ನಿಮ್ಮ ಊಟದ ಮನೆಗೆ ಕೆಲಸಕ್ಕೆ ಬರುತ್ತೇನೆ. ಭೇಟಿಯ ಕೋಣೆಗೆ ಮಾತ್ರ ಕರೆಯಬೇಡ. ಕಬ್ಬಿಣದ ಜಾಲರಿಯ ಹಿಂದೆ ನಿನ್ನನ್ನು ನೋಡುವುದು ನನ್ನಿಂದ ಆಗದು. ನಿನ್ನ ಮುಖ ನನಗೆ ನೆನಪಿದೆ. ಎಲಿಸಬೇತಮ್ಮನಿಗೆ ಅದನ್ನೇ ಇಡುತ್ತೇನೆ.

ಉಬಾಲ್ದೊ


ಬೆವಾನ್ಯ, ಕಾರ್ನಿವಾಲದ ಕೊನೆಯ ದಿನ, ೧೪೮೮

ಬಾಲ್ದೊ,

ನಿನ್ನ ಅಕ್ಷರ ನೋಡಿ ಎಷ್ಟು ಹೊತ್ತು ಹಾಗೆಯೇ ಕುಳಿತೆನೋ ತಿಳಿಯದು. ಅಡುಗೆಮನೆಯಲ್ಲಿ ಪಾಯಸದ ಅಕ್ಕಿ ತಳ ಹಿಡಿಯಿತು. "ತಮ್ಮ ಕಾಗದ ಬರೆದದ್ದಕ್ಕೇ ಹೀಗಾದ್ರೆ, ತಮ್ಮನೇ ಬಂದರೆ ನಮಗೆಲ್ಲ ಉಪವಾಸವೇ ಗತಿ," ಎಂದರು ಸೋದರಿ ಪಚಿಫಿಕಾ. ಅವರು ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಹಿರಿಯರು. ದೊಡ್ಡ ಮನೆತನದ ವಿಧವೆ, ಏಳು ಮಕ್ಕಳನ್ನು ಹೆತ್ತು ಸಾಕಿ, ಎಲ್ಲರ ಮದುವೆ ಮಾಡಿ ಆಮೇಲೆ ಮಠಕ್ಕೆ ಬಂದವರು. ಮೌನದ ವ್ರತವನ್ನು ಅವರು ಪಾಲಿಸುವುದು ನಿದ್ದೆಯಲ್ಲಿ ಮಾತ್ರ.

ಹೌದು, ಅಡುಗೆಮನೆ ಈಗ ನನ್ನ ಕೈಯಲ್ಲಿದೆ. ಇಂದು ಜೇನು ಸುರಿದ ಹಿಟ್ಟಿನ ಉಂಡೆಗಳನ್ನು ಕರಿದೆವು. ನಾಳೆಯಿಂದ ತಪಸ್ಸಿನ ಕಾಲ, ಒಣ ಅವರೆಯೇ ಊಟ. ಅದಕ್ಕೇ ಇಂದು ಎಲ್ಲರೂ ಒಂಟೆಗಳ ಹಾಗೆ ತುಂಬಿಸಿಕೊಂಡರು.

ನನ್ನ ಮುಖ ನಿನಗೆ ನೆನಪಿದೆ ಎಂದೆಯಲ್ಲ, ಯಾವ ಮುಖ ಅದು? ನಾನು ಹದಿನೇಳರಲ್ಲಿ ಬಂದವಳು. ಈಗ ನನ್ನನ್ನು ಕಂಡರೆ ರೊಟ್ಟಿ ಒಲೆಯ ಬಾಗಿಲೂ ಸ್ವಲ್ಪ ಸರಿದುಕೊಳ್ಳುತ್ತದೆ.

ಎಣ್ಣೆ ಕೈಯಲ್ಲೇ ಬರೆದ,
ಅಕ್ಕ


ಪೆರುಜಾ, ಮಾರ್ಚ್ ಕೊನೆಯಲ್ಲಿ

ಅಕ್ಕ,

ಕರಡು ಚಿತ್ರ ಮುಗಿದಿದೆ. ದೊನ್ ಮಾರಿಯಾನೊ ಬಂದು ಮೂಗಿನ ತುದಿಯಿಂದ ನೋಡಿ, "ಎಲಿಸಬೇತಮ್ಮನ ಮುಖದಲ್ಲಿ ದುಃಖ ಇದೆ, ಭಕ್ತಿ ಇದೆ. ಕನ್ಯಾಮಠಕ್ಕೆ ತಕ್ಕದ್ದು," ಎಂದು ಆ ಮುಖದ ಪಕ್ಕದಲ್ಲೇ ಮೊಹರು ಒತ್ತಿದರು. ಗುರುಗಳೂ ಬಂದು ನೋಡಿದರು. ಏನೂ ಹೇಳಲಿಲ್ಲ, ಅವರ ಮಟ್ಟಿಗೆ ಅದೇ ಹೊಗಳಿಕೆ.

ಚಿತ್ರವನ್ನು ಸುರುಳಿ ಸುತ್ತಿ, ಮೇಣದ ಬಟ್ಟೆಯಲ್ಲಿ ಬಿಗಿದು, ಹೇಸರಗತ್ತೆಯವನ ಕೈಯಲ್ಲಿ ಕಳಿಸಿದ್ದೇನೆ. ತೂತು ಚುಚ್ಚುವ ಕೆಲಸಕ್ಕೆ ಪೆರುಜಾದಲ್ಲಿ ಸಿಗುವ ಕೈಗಳನ್ನು ನಾನು ನಂಬುವುದಿಲ್ಲ. ನಿಮ್ಮ ಮಠದ ಕಸೂತಿ ಇಲ್ಲಿನ ಪೇಟೆಯಲ್ಲೂ ಹೆಸರಾಗಿದೆ. ಸೂಜಿ ತಿಳಿದವರು ನೀವು. ಗೆರೆ ಬಿಟ್ಟು ಆಚೀಚೆ ಹೋಗದಂತೆ ಚುಚ್ಚಿಸಿಕೊಡು.

ಎಲಿಸಬೇತಮ್ಮನ ಮುಖ ನೋಡಿದ ಕೂಡಲೆ ನಿನಗೆ ತಿಳಿಯುತ್ತದೆ. ನಮ್ಮ ಗುಬ್ಬಿಯೊದ ಊರಬಾಗಿಲಲ್ಲಿ, ಮಠಕ್ಕೆ ಹೊರಟ ಗಾಡಿಯಲ್ಲಿ ಕುಳಿತು, ಅಪ್ಪ ಮುಂದೆ ನೋಡು ಎಂದರೂ ನೀನು ಹಿಂದಿರುಗಿ ನೋಡಿದೆಯಲ್ಲ, ಆ ಮುಖ. ಅಮ್ಮನ ಮುಖ ನನಗೆ ಗೊತ್ತಿಲ್ಲ. ಅಮ್ಮ ಎಂದರೆ ನನಗೆ ಬರುವುದೂ ಅದೇ ಮುಖ.

ಉಬಾಲ್ದೊ


ಬೆವಾನ್ಯ, ಈಸ್ಟರ್ ಕಳೆದ ಮೇಲಿನ ಗುರುವಾರ

ಬಾಲ್ದೊ,

ಚಿತ್ರ ತಲುಪಿತು. ದೊಡ್ಡ ಮೇಜುಗಳನ್ನೆಲ್ಲ ಜೋಡಿಸಿ ಹಾಸಿದೆವು. ಬಹಳ ಚೆನ್ನಾಗಿದೆ. ಮರಿಯಮ್ಮನ ಸೆರಗಿನ ಮಡಿಕೆಗಳಂತೂ ಈಗ ತಾನೇ ಒಗೆದು ಒಣಹಾಕಿದ ಹಾಗಿವೆ. ಬಾಗಿಲ ಕಲ್ಲುಗಳು ಕಲ್ಲೇ. ಕತ್ತೆ ಅದ್ಭುತ. ಕತ್ತೆಯನ್ನು ಎಲ್ಲರೂ ಮೆಚ್ಚಿದರು.

ತೂತು ಚುಚ್ಚಲು ಸೋಮವಾರ ಶುರುಮಾಡುತ್ತೇವೆ.

ಅಕ್ಕ


ಪೆರುಜಾ, ಅದೇ ಏಪ್ರಿಲ್

ಅಕ್ಕ,

ಸೆರಗು, ಕಲ್ಲು, ಕತ್ತೆ. ಸರಿ. ಎಲಿಸಬೇತಮ್ಮನ ಬಗ್ಗೆ ಒಂದು ಅಕ್ಷರವೂ ಇಲ್ಲ.

ಉಬಾಲ್ದೊ


ಬೆವಾನ್ಯ, ಸಂತ ಮಾರ್ಕರ ಹಬ್ಬ

ಬಾಲ್ದೊ,

ಕೇಳಿದ್ದಕ್ಕೆ ಹೇಳುತ್ತೇನೆ, ಸಿಟ್ಟಾಗಬೇಡ.

ಚಿತ್ರ ಹಾಸಿದಾಗ ಎಲ್ಲರೂ ಮೊದಲು ಎಲಿಸಬೇತಮ್ಮನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಮ್ಮ ಮಠದಲ್ಲಿ ಅಷ್ಟು ಹೊತ್ತು ಮೌನ ನಡೆದದ್ದು ಕಂಡು ಮಾತೆಯವರಿಗೇ ಆಶ್ಚರ್ಯವಾಯಿತಂತೆ. ಕೊನೆಗೆ ಪಚಿಫಿಕಾ ಬಾಯಿ ಬಿಟ್ಟರು.

"ಈಯಮ್ಮನಿಗೆ ಹಲ್ಲುನೋವಾ?"

"ಅಯ್ಯೋ, ಅದು ದುಃಖ ಕಣಮ್ಮ," ಎಂದಳು ನಮ್ಮ ಕಸೂತಿಯ ಸೋದರಿ ತೆಕ್ಲಾ.

"ಯಾತಕ್ಕೆ ದುಃಖ? ಅಷ್ಟು ವರ್ಷ ಬಂಜೆ ಅನ್ನಿಸಿಕೊಂಡೋಳು ಬಸುರಾಗಿದಾಳೆ. ಅಕ್ಕರೆ ಹುಡುಗಿ ಬೆಟ್ಟ ಹತ್ಕೊಂಡು ನೋಡೋಕೆ ಬಂದಿದಾಳೆ. ಹೊಟ್ಟೇಲಿರೋ ಕೂಸು ಸಂತೋಷಕ್ಕೆ ಕುಣೀತು ಅಂತ ಶಾಸ್ತ್ರದಲ್ಲೇ ಇದೆ. ಏಳು ಸಲ ಒದೆಸಿಕೊಂಡಿದೀನಿ ನಾನು, ಒಂದು ಸಲಾನೂ ಈ ಮುಖ ಮಾಡಿಲ್ಲ!"

ನಾನು ನಗಲಿಲ್ಲ, ಬಾಲ್ದೊ. ಆ ಮುಖವನ್ನು ನಾನು ಗುರುತು ಹಿಡಿದೆ. ನಿನ್ನ ಕೈ ದೊಡ್ಡದು. ಆ ದಿನದ ಗಾಳಿ ಕೂಡ ಅದರಲ್ಲಿದೆ. ತಲೆವಸ್ತ್ರ ಹಾರಿತ್ತು, ಅದನ್ನೂ ಬರೆದಿದ್ದೀಯ. ಆದರೆ ಈ ಗೋಡೆಯ ಎದುರು ನಾವು ದಿನಾ ಊಟಕ್ಕೆ ಕೂರುವವರು. ಆ ಹುಡುಗಿಯ ಎದುರು ದಿನಾ ಕುಳಿತು ನಾನು ಹೇಗೆ ಉಣ್ಣಲಿ?

ಮುಖವೊಂದನ್ನು ಬೇರೆ ಬರೆದು ಕಳಿಸುವುದಕ್ಕಾಗುತ್ತದೆಯೇ?

ಅಕ್ಕ


ಪೆರುಜಾ, ಮೇ ಮೊದಲ ದಿನ

ಅಕ್ಕ,

ಆಗುವುದಿಲ್ಲ. ಮೊಹರಾದ ಚಿತ್ರ ಅದು. ಗೆರೆ ಬದಲಾದರೆ ದೊನ್ ಮಾರಿಯಾನೊ ಗೋಡೆಯನ್ನೇ ಒಪ್ಪದೆ ಹೋಗಬಹುದು.

ಮೊಹರು ಇಲ್ಲದಿದ್ದರೂ ಬದಲಿಸುತ್ತಿರಲಿಲ್ಲ. ನಗುವ ಮುಖ ಎಲ್ಲಿಂದ ತರಲಿ? ನಿನ್ನನ್ನು ಕೇಳದೆ ಗಾಡಿ ಹತ್ತಿಸಿದರು. ಬಾಗಿಲು ಹಾಕಿದರು. ನೀನು ಪತ್ರದಲ್ಲಿ ನಗಿಸುತ್ತೀಯ, ಚಿಕ್ಕಂದಿನಲ್ಲಿ ನನಗೆ ಜ್ವರ ಬಂದಾಗಲೂ ಹೀಗೆಯೇ ನಗಿಸುತ್ತಿದ್ದೆ. ಆಗಲೂ ನಿನ್ನ ಕಣ್ಣು ಕೆಂಪಗಿರುತ್ತಿತ್ತು. ನನಗೆ ಗೊತ್ತು.

ಗೆರೆಯ ಮೇಲೆಯೇ ಚುಚ್ಚಿಸು.

ಉಬಾಲ್ದೊ


ಬೆವಾನ್ಯ, ಮೇ ತಿಂಗಳ ಕೊನೆಯ ಭಾನುವಾರ

ಬಾಲ್ದೊ,

ಚುಚ್ಚಿ ಮುಗಿಯಿತು. ಸುರುಳಿ ಸುತ್ತಿ ಇಟ್ಟಿದ್ದೇವೆ. ಊಟದ ಮನೆಯನ್ನು ನಿನಗೆ ಬಿಟ್ಟುಕೊಟ್ಟು ನಾವು ಮೊಗಸಾಲೆಯಲ್ಲಿ ಉಣ್ಣುತ್ತೇವೆ. ನಡುವಿನ ಬಾಗಿಲಿಗೆ ಹಲಗೆ ಬಡಿಸಿದ್ದಾರೆ. ನಿನಗೂ ಗಾರೆ ಹಾಕುವ ತಿಬೇರಿಯೊನಿಗೂ ಊಟ ಗೋಡೆಯ ತಿರುಗುಪೆಟ್ಟಿಗೆಯಲ್ಲಿ ಬರುತ್ತದೆ. ಏನಾದರೂ ಬೇಕಾದರೆ ಚೀಟಿ ಬರೆದು ಅದರಲ್ಲೇ ಇಟ್ಟು ತಿರುಗಿಸು.

ಸೋದರಿಯರಲ್ಲಿ ಕೆಲವರಿಗೆ ವಯಸ್ಸಾಗಿದೆ, ಕೈ ಸ್ವಲ್ಪ ಜಾರುತ್ತದೆ. ಎಲ್ಲಾದರೂ ತೂತು ಗೆರೆ ತಪ್ಪಿದ್ದರೆ ಮನ್ನಿಸು.

ಅಕ್ಕ


ಊಟದ ಮನೆಯಿಂದ, ಜೂನ್, ಬೆಳಿಗ್ಗೆ

ಅಕ್ಕ!

ಏನು ಮಾಡಿದ್ದೀರಿ ನೀವು?

ಇಷ್ಟು ದಿನ ಎಲ್ಲ ಸರಿಯಾಗಿ ನಡೆಯಿತು. ಬೆಟ್ಟ, ಬಾಗಿಲು, ಕತ್ತೆ, ಮರಿಯಮ್ಮ ಎಲ್ಲ ಮುಗಿದವು. ಇವತ್ತು ಎಲಿಸಬೇತಮ್ಮನ ತಲೆ. ತಿಬೇರಿಯೊ ಅಷ್ಟೇ ಜಾಗಕ್ಕೆ ಹಸಿ ಗಾರೆ ಬಳಿದ. ತಲೆಯಿರುವ ಹಾಳೆಯನ್ನು ಕತ್ತರಿಸಿಕೊಂಡು, ಗೋಡೆಗಿಟ್ಟು ಇದ್ದಿಲ ಗಂಟು ತಟ್ಟಿದೆ. ಹಾಳೆ ತೆಗೆದೆ. ಗೋಡೆಯ ಮೇಲೆ ಬೇರೆ ಯಾರೋ ಹೆಂಗಸು!

ಕಣ್ಣಿನ ಕೊನೆಗಳು ಸುಕ್ಕಾಗಿವೆ. ಕೆನ್ನೆ ಉಬ್ಬಿದೆ. ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಬಾಯಿ ತೆರೆದಿದೆ, ಹಲ್ಲಿನ ಸಾಲಿಗೂ ಚುಕ್ಕಿ ಇಟ್ಟಿದ್ದೀರಿ! ಹಾಳೆ ನೋಡಿದೆ. ನನ್ನ ಗೆರೆ ಹಾಗೆಯೇ ಇದೆ. ತೂತುಗಳು ಮಾತ್ರ ಅದನ್ನು ಬಿಟ್ಟು ತಮ್ಮ ಪಾಡಿಗೆ ಹೋಗಿವೆ. ಇದು ಕೈ ಜಾರಿದ್ದಲ್ಲ.

ತಿಬೇರಿಯೊ ಚುಕ್ಕಿಗಳನ್ನು ನೋಡಿ ಏಣಿಯ ಮೇಲೆ ಕುಳಿತು ನಗುತ್ತಿದ್ದಾನೆ. "ಯಾರಪ್ಪಾ ಈ ತಾಯಿ? ನೋಡ್ತಾ ಇದ್ರೆ ಹಸಿವಾಗುತ್ತೆ," ಅನ್ನುತ್ತಾನೆ.

ನನಗೆ ನಗು ಬರುತ್ತಿಲ್ಲ. ಗಾರೆ ಒಣಗುವ ಮೊದಲು ಬಣ್ಣ ಹತ್ತಬೇಕು, ಇಲ್ಲದಿದ್ದರೆ ಕಿತ್ತು ಹೊಸದಾಗಿ ಬಳಿಯಬೇಕು. ಹಬ್ಬ ತಲೆಯ ಮೇಲಿದೆ. ಚುಕ್ಕಿ ಒರೆಸಿ ನನ್ನ ನೆನಪಿನಿಂದಲೇ ಬರೆಯುತ್ತೇನೆ. ಯಾರು ಇದನ್ನು ಮಾಡಿದವರು, ಅಷ್ಟು ಹೇಳು.

ಬಾಲ್ದೊ


ಹಲಗೆ ಬಾಗಿಲ ಈಚೆಯಿಂದ, ಅದೇ ಬೆಳಿಗ್ಗೆ

ಬಾಲ್ದೊ,

ಒರೆಸಬೇಡ. ಈ ಚೀಟಿ ಪೂರ್ತಿ ಓದು.

ಎಲ್ಲರೂ ಕೂಡಿ ಮಾಡಿದ್ದು. ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಪಚಿಫಿಕಾ ತಮ್ಮ ಮೂರನೇ ಮಗನ ಜ್ಞಾನಸ್ನಾನದಲ್ಲಿ ಪಾದ್ರಿಗಳು ಕೂಸಿನ ಬದಲು ಅಜ್ಜಿಯ ತಲೆಗೆ ನೀರು ಸುರಿದ ಕಥೆ ಹೇಳಿದರು. ನಾನು ನಗುತ್ತಿದ್ದೆ, ತೆಕ್ಲಾ ನೋಡಿ ನೋಡಿ ಸೂಜಿ ಚುಚ್ಚಿದಳು. ಮಾತೆಯವರು ಕಿಟಕಿಯ ಕಡೆ ತಿರುಗಿ ಮಳೆ ಬರುತ್ತದೆಯೇ ಎಂದು ನೋಡುತ್ತಿದ್ದರು. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ನಾನು ಬೇಡ ಎನ್ನಬಹುದಿತ್ತು. ಎನ್ನಲಿಲ್ಲ.

ಗಾಡಿಯಲ್ಲಿ ಅತ್ತದ್ದು ನಿಜ. ಆ ಚಳಿಗಾಲವೆಲ್ಲ ಅತ್ತೆ. ನಿನಗೆ ಯಾರು ತಲೆ ಬಾಚುತ್ತಾರೋ ಎಂದು ಅತ್ತೆ. ಆಮೇಲೊಂದು ದಿನ ಇಲ್ಲಿನ ರೊಟ್ಟಿಯ ಹಿಟ್ಟು ಉಬ್ಬಲಿಲ್ಲ, ಎಲ್ಲರೂ ನನ್ನನ್ನು ಕೂಗಿದರು, ಹೋದೆ. ಮರುದಿನವೂ ಕೂಗಿದರು. ಹಾಗೆ ಹೋಗುತ್ತಾ ಹೋಗುತ್ತಾ ಇದು ನನ್ನ ಮನೆಯಾಯಿತು. ಯಾವ ದಿನ ಆಯಿತು ಎಂದು ಕೇಳಿದರೆ ಹೇಳಲಾರೆ. ಅಪ್ಪ ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹುಡುಗಿಯ ಅಳು ಮುಗಿಯಿತು, ಬಾಲ್ದೊ. ನೀನು ಮಾತ್ರ ಇನ್ನೂ ಆ ಗಾಡಿಯ ಹಿಂದೆ ಓಡುತ್ತಲೇ ಇದ್ದೀಯ.

ನೆನಪಿನಿಂದ ಬರೆಯುತ್ತೇನೆ ಎಂದೆಯಲ್ಲ. ಬರೆ, ನಿನ್ನ ಗೋಡೆ ಅದು. ಅದಕ್ಕೆ ಮುಂಚೆ ಒಂದು ಸಲ ಜಾಲರಿಗೆ ಬಾ. ನನ್ನ ಮುಖ ನೋಡು. ನೋಡಿದ ಮೇಲೂ ಗಾಡಿಯ ಹುಡುಗಿಯೇ ಸರಿ ಎನಿಸಿದರೆ ಅವಳನ್ನೇ ಬರೆ. ನಾನು ದಿನಾ ಅವಳ ಎದುರು ಕುಳಿತು ಉಣ್ಣುತ್ತೇನೆ, ಒಂದು ಮಾತೂ ಆಡುವುದಿಲ್ಲ.

ಮಧ್ಯಾಹ್ನದ ಗಂಟೆಯವರೆಗೂ ಗಾರೆ ಹಸಿ ಇರುತ್ತದೆಂದು ತಿಬೇರಿಯೊ ಹೇಳಿದ್ದಾನೆ. ಹೌದು, ಅವನನ್ನು ಮೊದಲೇ ಕೇಳಿಟ್ಟುಕೊಂಡಿದ್ದೇವೆ. ಬಾ. ನಾನು ಭೇಟಿಯ ಕೋಣೆಯಲ್ಲಿ ಕುಳಿತಿದ್ದೇನೆ.

ಅಕ್ಕ


ಊಟದ ಮನೆಯಿಂದ, ಅದೇ ಸಂಜೆ

ಅಕ್ಕ,

ಕೈಯೆಲ್ಲ ಬಣ್ಣ, ಅಕ್ಷರ ಕೆಟ್ಟದಾಗಿದ್ದರೆ ಓದಿಕೊ.

ಜಾಲರಿಯ ಆಚೆ ಪರದೆ ಸರಿದಾಗ ಮೊದಲು ಬಾಯಿಂದ ಏನು ಬಂತೆಂದು ನೆನೆದು ಈಗ ನಾಚಿಕೆಯಾಗುತ್ತಿದೆ. ಅಷ್ಟು ವರ್ಷಗಳ ಮೇಲೆ ಅಕ್ಕನನ್ನು ಕಂಡವನು "ಅಕ್ಕಾ, ಎಷ್ಟು ದಪ್ಪ ಆಗಿದೀಯೇ!" ಎಂದು ಕೂಗುವುದೇ! ನೀನು ನಕ್ಕೆ. ಜಾಲರಿ ಹಿಡಿದುಕೊಂಡು ನಕ್ಕೆ. ಹಿಂದೆ ಕತ್ತಲಲ್ಲಿ ನಿಂತಿದ್ದವರೆಲ್ಲ ನಕ್ಕರು. ಅಷ್ಟು ಜನ ಅಲ್ಲಿದ್ದಾರೆಂದು ನನಗೆ ಗೊತ್ತೇ ಇರಲಿಲ್ಲ.

ಆಮೇಲೆ ನಾನು ಅತ್ತದ್ದು ನೀನು ನೋಡಿದೆ. ನೀನು ಕಂಬಿಯ ಸಂದಿಯಲ್ಲಿ ಎರಡು ಬೆರಳು ತೂರಿಸಿ ನನ್ನ ಕೂದಲಿನಲ್ಲಿದ್ದ ಗಾರೆ ಕೆರೆದೆ. "ಯಾರೂ ತಲೆ ಬಾಚಲ್ವೇನೋ ನಿನಗೆ?" ಎಂದೆ. ಕಂಬಿ ಇತ್ತೋ ಇಲ್ಲವೋ ಆಗ ನನಗೆ ಕಾಣಲಿಲ್ಲ.

ನೀನು ನೋಡದೆ ಉಳಿದದ್ದನ್ನು ಹೇಳುತ್ತೇನೆ. ಅಂಗಳ ದಾಟಿ ಓಡಿದೆ. ತಿಬೇರಿಯೊ ಒದ್ದೆ ಬಟ್ಟೆ ಹಿಡಿದು ಗೋಡೆಗೆ ಗಾಳಿಯಾಡದಂತೆ ನಿಂತಿದ್ದ. "ಬಂದ್ಯಾ? ಒರೆಸೋಣವಾ ಬಿಡೋಣವಾ?" ಎಂದ. ಬಟ್ಟೆ ಕಿತ್ತುಕೊಂಡು ಎಸೆದೆ. ಹಸಿರು ಮಣ್ಣಿನ ಬಣ್ಣ ಮೊದಲು, ಅದರ ಮೇಲೆ ಕೆಂಪು, ಆಮೇಲೆ ಸುಣ್ಣದ ಬಿಳಿ. ತೆಕ್ಲಾ ಅವರ ಚುಕ್ಕಿಗಳನ್ನೇ ಹಿಡಿದು ಹೋದೆ. ಒಂದು ಕಡೆ ಮಾತ್ರ ಅವರು ತಪ್ಪಿದ್ದರು: ನೀನು ನಗುವಾಗ ಎಡಗಣ್ಣು ಬಲಗಣ್ಣಿಗಿಂತ ಮೊದಲು ಮುಚ್ಚುತ್ತದೆ. ಅದನ್ನು ಸರಿಮಾಡಿದೆ. ಮಧ್ಯಾಹ್ನದ ಗಂಟೆ ಹೊಡೆದದ್ದು ನನಗೆ ಕೇಳಲಿಲ್ಲ. ಗಾರೆ ಬಣ್ಣ ಹೀರುತ್ತಲೇ ಇತ್ತು. ಇಷ್ಟು ವರ್ಷದ ಕೆಲಸದಲ್ಲಿ ಗೋಡೆ ಹೀಗೆ ನನ್ನ ಕೈ ಹಿಡಿದು ಎಳೆದದ್ದು ಇದೇ ಮೊದಲು.

ದೊನ್ ಮಾರಿಯಾನೊ ಏನು ಹೇಳುತ್ತಾರೋ ಹೇಳಲಿ. ಕತ್ತೆ ಬರೆಯುವುದು ನನಗೆ ಚೆನ್ನಾಗಿಯೇ ಬರುತ್ತದೆ.

ನಾಳೆ ಬೆಳಿಗ್ಗೆ ಜಾಲರಿಗೆ ಬರುತ್ತೇನೆ. ನಾಡಿದ್ದೂ.

ನಿನ್ನ ಬಾಲ್ದೊ


ಬೆವಾನ್ಯ, ಜುಲೈ, ಭೇಟಿಯ ಹಬ್ಬ ಕಳೆದ ಸೋಮವಾರ

ನನ್ನ ಬಾಲ್ದೊ,

ಹಬ್ಬದ ಮಧ್ಯಾಹ್ನವೇ ಗುರುಗಳು ಕರೆಸಿದರೆಂದು ಪೆರುಜಾಗೆ ಹೊರಟೇಬಿಟ್ಟೆ. ನನಗೆ ಹೆಬ್ಬಾತು ಬಡಿಸುವ ಗಡಿಬಿಡಿ, ಬೀಳ್ಕೊಟ್ಟದ್ದೂ ಅರ್ಧಂಬರ್ಧ. ಈಗ ನಿನ್ನ ಮೇಲೆ ಇಡೀ ಮಠದ ದೂರಿದೆ. ಪರದೆಯ ಈಚೆ ಕುಳಿತ ನಮಗೆ ಬಿಷಪ್ಪರ ಮುಖ ಕಾಣಲಿಲ್ಲ, ದೊನ್ ಮಾರಿಯಾನೊ ಗೊಣಗಿದ್ದು ಅರ್ಥವಾಗಲಿಲ್ಲ. ಏನಾಯಿತೆಂದು ಒಬ್ಬೊಬ್ಬರೂ ಒಂದೊಂದು ಕಥೆ ಕಟ್ಟಿದ್ದಾರೆ. ಪಚಿಫಿಕಾ ಅವರ ಕಥೆಯಲ್ಲಿ ಬಿಷಪ್ಪರು ಕುರ್ಚಿಯಿಂದ ಬೀಳುತ್ತಾರೆ. ನಡೆದದ್ದನ್ನು ನಡೆದ ಹಾಗೆ ಬರೆ.

ಈಗ ಊಟದ ಮನೆ ಮತ್ತೆ ನಮ್ಮದು. ಇನ್ನು ಅಲ್ಲಿಗೆ ಗಂಡಸರು ಕಾಲಿಡುವಂತಿಲ್ಲ. ನಿನ್ನ ಗೋಡೆಯನ್ನು ನೀನೇ ಇನ್ನು ನೋಡಲಾರೆ. ಅದಕ್ಕೇ ನಿನ್ನ ಪರವಾಗಿ ನಾನು ನೋಡುತ್ತಿದ್ದೇನೆ. ಬೆಳಗಿನ ಬಿಸಿಲು ಮೊದಲು ಬೆಟ್ಟದ ತುದಿಗೆ ಬೀಳುತ್ತದೆ, ಇಳಿಯುತ್ತಾ ಬಂದು ಕತ್ತೆಯ ಕಿವಿಗೆ ತಾಗುತ್ತದೆ. ಮಧ್ಯಾಹ್ನದ ಊಟಕ್ಕೆ ಸರಿಯಾಗಿ ಎಲಿಸಬೇತಮ್ಮನ ಕೆನ್ನೆಗೆ ಬರುತ್ತದೆ. ಊಟದ ಹೊತ್ತಿಗೆ ಶಾಸ್ತ್ರ ಓದುವ ಸೋದರಿ ತಲೆಯೆತ್ತಿದರೆ ಕೆಟ್ಟಳು. ಪಾಪ, ನಿನ್ನೆ ಹುತಾತ್ಮರ ಕಥೆಯ ನಡುವೆಯೇ ನಕ್ಕುಬಿಟ್ಟಳು. ಚಳಿಗಾಲದಲ್ಲಿ ಬಿಸಿಲು ಎಲ್ಲಿಗೆ ಬರುತ್ತದೆಂದು ಆಗ ಬರೆಯುತ್ತೇನೆ.

ತಲೆಯಿದ್ದ ಆ ಹಾಳೆ ಇಲ್ಲೇ ಉಳಿದಿತ್ತು. ಗೋಡೆ ನಮಗಾಯಿತು, ಕಾಗದವಾದರೂ ನಿನಗಿರಲಿ. ಇದರ ಜೊತೆ ಕಳಿಸಿದ್ದೇನೆ. ಸೋಂಪಿನ ಬಿಸ್ಕತ್ತೂ ಇವೆ. ಹೇಸರಗತ್ತೆಯವನು ದ್ರಾಕ್ಷಿ ಕೊಯ್ಲಿಗೆ ಮುಂಚೆ ಮತ್ತೆ ಈ ಕಡೆ ಬರುತ್ತಾನಂತೆ. ನೀನೂ ಬಾ.

ದಪ್ಪ ಅಕ್ಕ


ಪೆರುಜಾ, ಜುಲೈ ನಡುವೆ

ಅಕ್ಕ,

ನಡೆದದ್ದು ನಡೆದ ಹಾಗೆ. ಪಚಿಫಿಕಾ ಅವರಿಗೆ ನಿರಾಸೆಯಾದರೆ ನಾನು ಹೊಣೆಯಲ್ಲ.

ಬಿಷಪ್ಪರು ಬಂದಾಗಲೇ ಅವರ ಕಾಲು ಊದಿಕೊಂಡಿತ್ತು. ಗೋಡೆಯ ಎದುರು ಕುರ್ಚಿ ಹಾಕಿ ಕೂರಿಸಿದರು. ಅವರು ತಲೆಯೆತ್ತುವುದಕ್ಕೂ ಮುಂಚೆ ದೊನ್ ಮಾರಿಯಾನೊ ಎಲಿಸಬೇತಮ್ಮನನ್ನು ನೋಡಿದರು. ಮುಖ ಸುಣ್ಣವಾಯಿತು. ಕರಡಿನ ತಲೆಯ ಹಾಳೆ ತರಿಸಿದರು.

"ಸ್ವಾಮಿ, ನಾನು ಒಪ್ಪಿದ್ದು ಇದನ್ನ. ನೋಡಿ, ಇಲ್ಲಿದೆ ಮೊಹರು. ಅಲ್ನೋಡಿ, ಗೋಡೆ ಮೇಲೆ ಹಲ್ಲು ಕಾಣ್ತಿದೆ!"

ಬಿಷಪ್ಪರು ಕಾಗದ ನೋಡಿದರು, ಗೋಡೆ ನೋಡಿದರು, ನನ್ನನ್ನು ನೋಡಿದರು. "ಏನಪ್ಪಾ ಹುಡುಗ, ಕಾಗದದಲ್ಲಿ ಅಳ್ತಾಳೆ, ಗೋಡೆ ಮೇಲೆ ನಗ್ತಾಳೆ. ಯಾವುದು ನಿಜ?"

ಕಲಿತುಕೊಂಡು ಬಂದ ಮಾತೆಲ್ಲ ಮರೆತುಹೋಯಿತು. "ಎರಡೂ ನಿಜ ಸ್ವಾಮಿ. ಕಾಗದದ್ದು ಮೊದಲಿನದು," ಎಂದೆ.

ಅವರು ಕೈ ಚಾಚಿ ಪುಸ್ತಕ ತೆಗೆದುಕೊಂಡು ಹಬ್ಬದ ಪಾಠ ಓದಲು ಶುರುಮಾಡಿದರು. ಮರಿಯಮ್ಮ ಅವಸರದಿಂದ ಬೆಟ್ಟದ ನಾಡಿಗೆ ಹೊರಟದ್ದು, ಮನೆಯೊಳಗೆ ಹೋಗಿ ವಂದಿಸಿದ್ದು. ನನಗೆ ಒಂದು ಪದವೂ ತಲೆಗೆ ಹೋಗುತ್ತಿರಲಿಲ್ಲ. "ಆಕೆಯ ಗರ್ಭದಲ್ಲಿದ್ದ ಕೂಸು ಆನಂದದಿಂದ ಕುಣಿದಾಡಿತು," ಎಂದು ಓದಿ ಅವರು ನಿಲ್ಲಿಸಿದರು. ತಲೆಯೆತ್ತಿ ಗೋಡೆ ನೋಡಿದರು. ಅಷ್ಟರಲ್ಲಿ ಪರದೆಯ ಆಚೆಯಿಂದ ಆ ಮಾತು ಬಂತು: "ಹ್ಞಾಂ, ಹಾಗೆ ಹೇಳಿ ಮತ್ತೆ!"

ಅದು ಯಾರ ದನಿ ಎಂದು ನಾನು ಹೇಳಬೇಕಾಗಿಲ್ಲ. ಆಮೇಲೆ ನೀವೆಲ್ಲ ನಕ್ಕದ್ದು ನಿಮಗೇ ಗೊತ್ತು. ಆಚೆ ನಿಮಗೆ ಕಾಣದ್ದೇನೆಂದರೆ, ಬಿಷಪ್ಪರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ಪುಸ್ತಕ ಕುಲುಕುತ್ತಿತ್ತು. ಕೆಳಗಿಳಿಸಿದಾಗ ಕಣ್ಣಲ್ಲಿ ನೀರು. "ನಮ್ಮಮ್ಮ ಹೀಗೇ ನಗ್ತಿದ್ದಳು, ಎಡಗಣ್ಣು ಮೊದಲು," ಎಂದರು. ದೊನ್ ಮಾರಿಯಾನೊ ಇನ್ನೂ ಹಾಳೆ ಹಿಡಿದೇ ನಿಂತಿದ್ದರು. "ಏನಯ್ಯಾ, ಗೋಡೆಗೆ ಮೊಹರು ಒತ್ತೋದು ಹೇಗೆ ಅಂತ ಯೋಚಿಸ್ತಿದೀಯಾ? ಬಿಡು ಅದನ್ನ. ಊಟಕ್ಕೆ ಏನು ಮಾಡಿದಾರೆ ಕೇಳು." ಇಷ್ಟೇ. ಕುರ್ಚಿಯಿಂದ ಬೀಳಲಿಲ್ಲ.

ಗುರುಗಳಿಗೆ ಸುದ್ದಿ ನನಗಿಂತ ಮೊದಲೇ ತಲುಪಿತ್ತು. ಫೊಲಿನ್ಯೊದಲ್ಲಿ ಒಂದು ಆಸ್ಪತ್ರೆಯ ಗೋಡೆ ಬಂದಿದೆಯಂತೆ, ನೀನೇ ಹೋಗು ಎಂದರು. ರೋಗಿಗಳು ಮಲಗಿ ನೋಡುವ ಗೋಡೆ. ಫೊಲಿನ್ಯೊದಿಂದ ನಿಮ್ಮಲ್ಲಿಗೆ ಊಟ ಮುಗಿಸಿ ಹೊರಟರೂ ಸಂಜೆಯ ಪ್ರಾರ್ಥನೆಗೆ ಮುಂಚೆ ತಲುಪಬಹುದು. ಇನ್ನು ನಿನಗೆ ನನ್ನ ಪತ್ರಗಳು ಕಡಿಮೆಯಾಗುತ್ತವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಬಿಸ್ಕತ್ತು ದಾರಿಯಲ್ಲೇ ಅರ್ಧ ಖಾಲಿಯಾಗಿದ್ದವು. ಹೇಸರಗತ್ತೆಯವನ ಗಡ್ಡದಲ್ಲಿ ಸೋಂಪಿನ ವಾಸನೆ. ಹಾಳೆ ಸರಿಯಾಗಿ ಬಂತು. ನನ್ನ ಕೋಣೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಪೂರ್ವದ ಕಿಟಕಿಗೆ ಮುಚ್ಚುವ ಹಲಗೆ ಮುರಿದಿದ್ದರಿಂದ, ಬಿಸಿಲಿಗೆ ಅಡ್ಡವಾಗಲಿ ಎಂದು ಅಲ್ಲಿಗೇ ಮೊಳೆ ಹೊಡೆದೆ. ಇದ್ದಿಲ ಗೆರೆಯ ಹುಡುಗಿ ಒಳಮುಖವಾಗಿ ನನ್ನನ್ನೇ ನೋಡುತ್ತಿದ್ದಳು. ಮಲಗಿದೆ.

ಬೆಳಿಗ್ಗೆ ಮನೆಯೊಡತಿ ಮೊನ್ನಾ ವಿಯೊಲಾಂತೆ ಹಾಲು ತಂದವಳು ಬಾಗಿಲಲ್ಲೇ ನಿಂತಳು. ನಾನೂ ಕಣ್ಣು ತೆರೆದೆ. ಬಿಸಿಲು ಹಾಳೆಯ ಹಿಂದೆ ಬಂದಿತ್ತು. ಇದ್ದಿಲ ಗೆರೆ ಕತ್ತಲಲ್ಲಿ ಕರಗಿಹೋಗಿತ್ತು. ತೂತುಗಳೆಲ್ಲ ಹೊತ್ತಿಕೊಂಡಿದ್ದವು: ಸುಕ್ಕಿದ ಕಣ್ಣು, ಉಬ್ಬಿದ ಕೆನ್ನೆ, ಎರಡು ಗಲ್ಲ, ಸಾಲು ಹಲ್ಲು.

"ಯಾರಯ್ಯಾ ಇವಳು? ಬೆಳಗಾಗೋದನ್ನೇ ಕಾಯ್ತಿದ್ದೋಳ ಹಾಗೆ ನಗ್ತಿದಾಳಲ್ಲ!" ಎಂದಳು.

"ನಮ್ಮಕ್ಕ," ಎಂದೆ.

ಬಾಲ್ದೊ